ಒಂದೇ ಕಂಪ್ಯೂಟರ್, ಎರಡು ವ್ಯವಸ್ಥೆ: ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮೂರು–ನಾಲ್ಕು ವರ್ಷಕ್ಕೊಮ್ಮೆ ಯಂತ್ರ ಬದಲಿಸುವ ದೊಡ್ಡ ಕಚೇರಿಗಳಿಗೆ ಇದು ದೊಡ್ಡ ಸುದ್ದಿಯಲ್ಲ. ಆದರೆ ನವಲಗುಂದದ ಝೆರಾಕ್ಸ್ ಅಂಗಡಿ, ಕುಂದಗೋಳದ ಗ್ರಾಮ ಒನ್ ಕೇಂದ್ರ, ಅಣ್ಣಿಗೇರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್, ಕಲಘಟಗಿಯ ಹಳ್ಳಿಯಿಂದ ಧಾರವಾಡಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವ ಬಿಸಿಎ ವಿದ್ಯಾರ್ಥಿನಿಯ ಮನೆ, ಇಲ್ಲೆಲ್ಲ ಕಂಪ್ಯೂಟರ್ ಅಂದರೆ ಹತ್ತು ವರ್ಷವಾದರೂ ದುಡಿಯಬೇಕಾದ ಸಾಮಾನು. ಸಾಲ ಮಾಡಿ ತಂದದ್ದು, ಕಂತು ಕಟ್ಟಿ ತೀರಿಸಿದ್ದು. ಅದು ಇನ್ನೂ ಚೆನ್ನಾಗಿಯೇ ಓಡುತ್ತಿದೆ. ಹೊಸ ವಿಂಡೋಸ್ ಮಾತ್ರ ಅದರ ಮೇಲೆ ಕೂಡುವುದಿಲ್ಲ.

ಯಾಕೆ ಕೂಡುವುದಿಲ್ಲ ಎಂಬುದಕ್ಕೆ ಕಾರಣ ಸ್ಪಷ್ಟವಾಗಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ, ಸೆಕ್ಯೂರ್ ಬೂಟ್ ಇರುವ ಯುಇಎಫ್‌ಐ, ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಬೇಕು. ಇದರ ಜೊತೆಗೆ ಪ್ರೊಸೆಸರ್ ಇಂಟೆಲ್‌ನದ್ದಾದರೆ, ಕೆಲವೇ ಅಪವಾದ ಬಿಟ್ಟು, ಎಂಟನೇ ಪೀಳಿಗೆಯದ್ದು ಅಥವಾ ಅದಕ್ಕಿಂತ ಈಚಿನದ್ದಾಗಿರಬೇಕು. ಆ ಎಂಟನೇ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅದಕ್ಕೂ ಮೊದಲು ಕೊಂಡ ಬಹುಪಾಲು ಯಂತ್ರಗಳು ಈ ಸಾಲಿನಿಂದ ಹೊರಗೆ ಉಳಿದವು.

ಈಗ ಇಂಥ ಯಂತ್ರದ ಮಾಲೀಕರಿಗೆ ಎರಡು ಸಲಹೆ ಸಿಗುತ್ತವೆ. ಒಂದು, ಹೊಸದು ತಗೋರಿ. ಇನ್ನೊಂದು, ಯಾರೋ ಪೆನ್‌ಡ್ರೈವ್‌ನಲ್ಲಿ ತಂದ ವಿಂಡೋಸಿನ ಕಳ್ಳ ಪ್ರತಿಯನ್ನು ಹಾಕಿಸಿಕೊಳ್ಳಿ. ಮೊದಲನೆಯದು ಎಲ್ಲರ ಕೈಗೆಟುಕುವುದಿಲ್ಲ. ಎರಡನೆಯದು ಅಪಾಯ. ಕಳ್ಳ ಪ್ರತಿಯನ್ನು ಎಬ್ಬಿಸುವ ಆಕ್ಟಿವೇಟರ್‌ಗಳು ಮೊದಲು ಕೇಳುವುದೇ ಆ್ಯಂಟಿವೈರಸ್ ಬಂದ್ ಮಾಡಿ ಎಂದು. ಅದೇ ಯಂತ್ರದಲ್ಲಿ ಊರಿನ ನೂರಾರು ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಪಹಣಿ, ಜಾತಿ–ಆದಾಯ ಪ್ರಮಾಣಪತ್ರ ಇರುತ್ತವೆ. ಬೆಳೆ ವಿಮೆ ತುಂಬುವ ಕೊನೆಯ ದಿನಗಳಲ್ಲಿ ಸಾಲುಗಟ್ಟಿ ನಿಂತ ರೈತರು ತಮ್ಮ ಕಾಗದಪತ್ರಗಳನ್ನೆಲ್ಲ ನಂಬಿಕೆಯಿಂದ ಆ ಮೇಜಿನ ಮೇಲೆ ಇಡುತ್ತಾರೆ. ಆ ನಂಬಿಕೆಯನ್ನು ಕಾಯಬೇಕಾದದ್ದು ಅಂಗಡಿಯವರ ಧರ್ಮ.

ಈ ಎರಡಕ್ಕೂ ಹೊರತಾದ ಮೂರನೇ ದಾರಿಯೊಂದಿದೆ. ಇರುವ ವಿಂಡೋಸನ್ನು ಅಳಿಸದೆ, ಅದೇ ಯಂತ್ರದಲ್ಲಿ ಪಕ್ಕಕ್ಕೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವುದು. ಯಂತ್ರ ಚಾಲೂ ಮಾಡಿದಾಗ ಯಾವುದು ಬೇಕು ಎಂದು ಅದೇ ಕೇಳುತ್ತದೆ. ಇಂಟರ್ನೆಟ್ಟಿನ ಕೆಲಸಕ್ಕೆ ಲಿನಕ್ಸ್, ಬೇರೆಲ್ಲೂ ಆಗದ ಕೆಲಸಕ್ಕೆ ಮಾತ್ರ ವಿಂಡೋಸ್. ಇದಕ್ಕೆ ಡ್ಯುಯಲ್ ಬೂಟ್ ಎನ್ನುತ್ತಾರೆ. ಎರಡಕ್ಕಿಂತ ಹೆಚ್ಚಾದರೆ ಮಲ್ಟಿಬೂಟ್. ನಮ್ಮ ಗ್ರಾಮೀಣ ಭಾಗಕ್ಕೆ ಇದಕ್ಕಿಂತ ಸರಿಯಾದ ದಾರಿ ಸದ್ಯಕ್ಕೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅವಸರದಲ್ಲಿ ಮಾಡುವ ಕೆಲಸ ಇದಲ್ಲ. ಒಳಗೆ ಏನು ನಡೆಯುತ್ತದೆ ಎಂದು ತಿಳಿದು ಮಾಡಿದರೆ ಮಾತ್ರ ಕೈ ಹಿಡಿಯುತ್ತದೆ.

ಬಟನ್ ಒತ್ತಿದ ಮೇಲೆ ಏನಾಗುತ್ತದೆ

ಕಂಪ್ಯೂಟರ್ ಅಂದರೇ ವಿಂಡೋಸ್ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಪವರ್ ಬಟನ್ ಒತ್ತಿದ ಕ್ಷಣ ಆ ಯಂತ್ರಕ್ಕೆ ವಿಂಡೋಸ್ ಎಂಬುದೊಂದು ಇದೆ ಎಂದೇ ಗೊತ್ತಿರುವುದಿಲ್ಲ. ಮೊದಲು ಏಳುವುದು ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಚಿಕ್ಕ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯೋಸ್ ಎಂದು ಹೆಸರು. ವಿಂಡೋಸ್ 8ರ ಕಾಲದಿಂದ, ಅಂದರೆ 2012ರಿಂದ ಈಚೆಗೆ ಬಂದ ಬಹುತೇಕ ಯಂತ್ರಗಳಲ್ಲಿ ಯುಇಎಫ್‌ಐ. ಇದು ಮೆಮೊರಿ, ಕೀಬೋರ್ಡ್, ಡಿಸ್ಕ್ ಎಲ್ಲ ಸರಿಯಿವೆಯೇ ಎಂದು ನೋಡುತ್ತದೆ. ಆಮೇಲೆ ಡಿಸ್ಕಿನಲ್ಲಿ ಬೂಟ್ ಲೋಡರ್ ಎಂಬ ಇನ್ನೊಂದು ಸಣ್ಣ ಕಾರ್ಯಕ್ರಮವನ್ನು ಹುಡುಕಿ ಅದಕ್ಕೆ ಕೆಲಸ ಒಪ್ಪಿಸುತ್ತದೆ. ಬೂಟ್ ಲೋಡರ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು, ಅಂದರೆ ಕರ್ನೆಲ್ ಅನ್ನು, ಡಿಸ್ಕಿನಿಂದ ಎತ್ತಿ ಮೆಮೊರಿಗೆ ತರುತ್ತದೆ. ಅಲ್ಲಿಂದ ಮುಂದೆ ಯಂತ್ರ ಆ ವ್ಯವಸ್ಥೆಯ ವಶ.

ಬೂಟ್ ಲೋಡರ್‌ನ ಈ ಹಂತದಲ್ಲೇ ಆಯ್ಕೆಗೆ ಅವಕಾಶವಿದೆ. ವಿಂಡೋಸಿನ ಬೂಟ್ ಲೋಡರ್ ತನ್ನ ಮನೆಯವರನ್ನು ಮಾತ್ರ ಎಬ್ಬಿಸುತ್ತದೆ. ಲಿನಕ್ಸ್ ಜೊತೆ ಬರುವ ಗ್ರಬ್ ಎಂಬ ಬೂಟ್ ಲೋಡರ್ ಇಬ್ಬರನ್ನೂ ಎಬ್ಬಿಸಬಲ್ಲದು: ಪರದೆಯ ಮೇಲೆ ಪಟ್ಟಿ ತೋರಿಸಿ, ಕೆಲವು ಸೆಕೆಂಡು ಕಾದು, ನೀವು ಆರಿಸಿದ್ದನ್ನು ಚಾಲೂ ಮಾಡುತ್ತದೆ. ಮಲ್ಟಿಬೂಟ್ ಎಂಬುದರ ಗುಟ್ಟೆಲ್ಲ ಇಷ್ಟೇ.

ಒಂದು ಸಮಯದಲ್ಲಿ ಒಂದೇ ವ್ಯವಸ್ಥೆ ಓಡುವುದರಿಂದ ಯಂತ್ರದ ಪೂರ್ತಿ ಶಕ್ತಿ ಅದಕ್ಕೇ ಸಿಗುತ್ತದೆ. ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶ ಹಾಕಿ ವಿಂಡೋಸಿನ ಒಳಗೇ ಲಿನಕ್ಸ್ ಓಡಿಸುವ ವಿಧಾನವೂ ಇದೆ. ಆದರೆ ಅಲ್ಲಿ ಒಂದೇ ರ್‍ಯಾಮ್‌ನಲ್ಲಿ ಎರಡೂ ಪಾಲು ಕೇಳುತ್ತವೆ. 4 ಜಿಬಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಕುಂಟುತ್ತದೆ. ಹಳೆಯ ಯಂತ್ರಕ್ಕೆ ಡ್ಯುಯಲ್ ಬೂಟೇ ಸರಿ.

ಡಿಸ್ಕಿನ ಹಿಸ್ಸೆ

ಎರಡು ವ್ಯವಸ್ಥೆ ಒಂದೇ ಡಿಸ್ಕಿನಲ್ಲಿ ಇರಬೇಕಾದರೆ ಜಾಗ ಹಂಚಬೇಕು. ಇದನ್ನು ತಿಳಿಯಲು ನಮ್ಮ ಎರೆಹೊಲದ ಹಿಸ್ಸೆ ನೆನೆದರೆ ಸಾಕು. ಎಂಟು ಎಕರೆ ಹೊಲವನ್ನು ಅಣ್ಣ–ತಮ್ಮ ಹಂಚಿಕೊಂಡರೆ ಮಣ್ಣು ಬದಲಾಗುವುದಿಲ್ಲ. ನಡುವೆ ಬದು ಬೀಳುತ್ತದೆ, ಪಹಣಿಯಲ್ಲಿ ಹೆಸರು ಬೇರೆಯಾಗುತ್ತದೆ. ಡಿಸ್ಕಿನ ಪಾರ್ಟಿಷನ್ ಆ ಬದು; ಪಾರ್ಟಿಷನ್ ಟೇಬಲ್ ಆ ಪಹಣಿ. ಪಹಣಿ ಹಾಳಾದರೆ ಹೊಲವೇನೂ ಮಾಯವಾಗುವುದಿಲ್ಲ, ಯಾವ ತುಂಡು ಯಾರದು ಎಂದು ಹೇಳುವವರು ಇಲ್ಲದಂತಾಗುತ್ತದೆ. ಡಿಸ್ಕಿನಲ್ಲೂ ಹಾಗೆಯೇ. ಟೇಬಲ್ ಕೆಟ್ಟಾಗ ಫೈಲುಗಳು ಬಹಳ ಸಲ ಅಲ್ಲೇ ಇರುತ್ತವೆ, ಅವನ್ನು ತಲುಪುವ ದಾರಿ ತಪ್ಪಿರುತ್ತದೆ.

ಈ ಟೇಬಲ್ಲಿನಲ್ಲಿ ಎರಡು ಬಗೆ. ಹಳೆಯದು ಎಂಬಿಆರ್, 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದದ್ದು. ಅದರಲ್ಲಿ ನಾಲ್ಕು ಮುಖ್ಯ ಪಾರ್ಟಿಷನ್‌ಗಳಿಗೆ ಮಾತ್ರ ಜಾಗ. 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಬಳಸಲು ಆಗದು. ಹೊಸದು ಜಿಪಿಟಿ, ಅದರಲ್ಲಿ ಸಾಮಾನ್ಯವಾಗಿ 128 ಪಾರ್ಟಿಷನ್‌ಗಳವರೆಗೆ ಮಾಡಬಹುದು. ಹಳೆಯ ಬಯೋಸ್ ಯಂತ್ರಗಳು ಎಂಬಿಆರ್ ಬಳಸುತ್ತವೆ, ಯುಇಎಫ್‌ಐ ಯಂತ್ರಗಳು ಜಿಪಿಟಿ. ನಿಮ್ಮದು ಯಾವುದು ಎಂದು ತಿಳಿಯಲು ವಿಂಡೋಸಿನ ಸಿಸ್ಟಮ್ ಇನ್ಫರ್ಮೇಶನ್ ತೆರೆದು ‘ಬಯೋಸ್ ಮೋಡ್’ ಎಂಬ ಸಾಲು ನೋಡಿ. ಅಲ್ಲಿ ಲೆಗಸಿ ಎಂದಿದ್ದರೆ ಹಳೆಯ ಬಗೆ, ಯುಇಎಫ್‌ಐ ಎಂದಿದ್ದರೆ ಹೊಸ ಬಗೆ. ಲಿನಕ್ಸನ್ನೂ ಅದೇ ಬಗೆಯಲ್ಲಿ ಹಾಕಬೇಕು. ಒಂದನ್ನು ಹಳೆಯ ರೀತಿ, ಇನ್ನೊಂದನ್ನು ಹೊಸ ರೀತಿ ಹಾಕಿದರೆ ಗ್ರಬ್ ಪಟ್ಟಿಯಿಂದ ವಿಂಡೋಸನ್ನು ಎಬ್ಬಿಸಲು ಆಗುವುದಿಲ್ಲ.

ಯಾವ ಕೆಲಸ ಎಲ್ಲಿ

ನಮ್ಮ ಭಾಗದ ಅಂಗಡಿ–ಕೇಂದ್ರಗಳ ಕೆಲಸವನ್ನು ನೋಡಿದರೆ ಎರಡೂ ವ್ಯವಸ್ಥೆ ಯಾಕೆ ಬೇಕೆಂದು ತಿಳಿಯುತ್ತದೆ. ಬೆರಳಚ್ಚು ತೆಗೆದುಕೊಳ್ಳುವ ಸಾಧನಗಳ ತಂತ್ರಾಂಶ ಸಾಮಾನ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಸಿಗುತ್ತದೆ. ಲೆಕ್ಕಪತ್ರದ ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಪೇಜ್‌ಮೇಕರ್, ಕೋರೆಲ್‌ಡ್ರಾ, ಶ್ರೀಲಿಪಿ, ನುಡಿ ಇವುಗಳ ಮೇಲೆ ನಿಂತ ಲಗ್ನಪತ್ರಿಕೆ, ಫ್ಲೆಕ್ಸ್ ಕೆಲಸವೂ ಅಲ್ಲಿಯದೇ. ಇನ್ನು ಪ್ರಿಂಟರ್. ಎಚ್‌ಪಿ ಕಂಪನಿಯ ಬಹುತೇಕ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ತಕ್ಷಣ ಏಳುತ್ತವೆ. ನಮ್ಮ ಝೆರಾಕ್ಸ್ ಅಂಗಡಿಗಳಲ್ಲಿ ವರ್ಷಗಳಿಂದ ದುಡಿಯುತ್ತಿರುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ನಲ್ಲಿ ಸುಲಭಕ್ಕೆ ಮಣಿಯುವುದಿಲ್ಲ. ಇಷ್ಟಕ್ಕೆಲ್ಲ ವಿಂಡೋಸ್ ಉಳಿಯಬೇಕು. ವಿಂಡೋಸನ್ನು ಪೂರ್ತಿ ಕಿತ್ತುಹಾಕಿ ಎಂದು ನಾನು ಹೇಳದಿರುವುದು ಇದಕ್ಕೇ.

ಉಳಿದ ಬಹುಪಾಲು ಕೆಲಸ ಬ್ರೌಸರಿನೊಳಗೆ ನಡೆಯುವಂಥದ್ದು. ಸೇವಾ ಸಿಂಧು ಅರ್ಜಿ, ನಾಡಕಚೇರಿ ಪ್ರಮಾಣಪತ್ರ, ಭೂಮಿಯ ಪಹಣಿ, ವಿದ್ಯಾರ್ಥಿವೇತನ, ಪರೀಕ್ಷೆಯ ಅರ್ಜಿ, ಬ್ಯಾಂಕ್ ವ್ಯವಹಾರ ಇವುಗಳಲ್ಲಿ ಬೆರಳಚ್ಚು ಕೇಳದ ಕೆಲಸಗಳನ್ನೆಲ್ಲ ಫೈರ್‌ಫಾಕ್ಸ್ ಅಥವಾ ಕ್ರೋಮ್‌ನಲ್ಲಿ ಲಿನಕ್ಸ್‌ನಿಂದಲೇ ಮಾಡಬಹುದು. ಅಪಾಯ ಒಳಬರುವ ಬಾಗಿಲೂ ಇಂಟರ್ನೆಟ್ಟೇ. ಆದ್ದರಿಂದ ಅಪ್‌ಡೇಟ್ ಸಿಗುವ ವ್ಯವಸ್ಥೆಯಿಂದ ಇಂಟರ್ನೆಟ್ಟಿಗೆ ಹೋಗುವುದು, ಅಪ್‌ಡೇಟ್ ನಿಂತ ವಿಂಡೋಸ್ 10ರಿಂದ ನೆಟ್ ಬೇಡದ ಕೆಲಸ ಮಾಡುವುದು ಜಾಣತನ. ಬೆರಳಚ್ಚಿನಂಥ, ವಿಂಡೋಸಿನಿಂದಲೇ ನೆಟ್ಟಿಗೆ ಹೋಗಬೇಕಾದ ಕೆಲಸ ಇರುವವರಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಕೊಟ್ಟಿದೆ. ಅದರ ಅವಧಿ 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ಅದು ಹಣವಿಲ್ಲದೆ ಸಿಗುತ್ತದೆ. ಅದನ್ನು ಹಾಕಿಸಿಕೊಂಡು ಆ ಗಡುವಿನೊಳಗೆ ಲಿನಕ್ಸ್ ರೂಢಿಸಿಕೊಳ್ಳಿ.

ಕಾಲೇಜು ಓದುವವರಿಗೆ ಇನ್ನೊಂದು ಲಾಭವಿದೆ. ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಓದುವವರು ಪ್ರಯೋಗಾಲಯದಲ್ಲಿ ಯುನಿಕ್ಸ್, ಲಿನಕ್ಸ್ ಕಮಾಂಡ್‌ಗಳನ್ನು ಕಲಿಯಬೇಕಾಗುತ್ತದೆ. ಜಗತ್ತಿನ ಸರ್ವರ್‌ಗಳಲ್ಲಿ ದೊಡ್ಡ ಪಾಲು ಓಡುವುದೂ ಲಿನಕ್ಸ್ ಮೇಲೆ. ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವ ಕರ್ನೆಲ್ ಕೂಡ ಲಿನಕ್ಸೇ. ವಾರಕ್ಕೊಮ್ಮೆ ಲ್ಯಾಬಿನಲ್ಲಿ ಮುಟ್ಟುವುದಕ್ಕೂ ಮನೆಯಲ್ಲಿ ದಿನಾ ಬಳಸುವುದಕ್ಕೂ ಬಹಳ ಅಂತರವಿದೆ. ಹಳ್ಳಿಯ ಮಕ್ಕಳು ಹುಬ್ಬಳ್ಳಿ, ಬೆಂಗಳೂರಿನ ಮಕ್ಕಳ ಜೊತೆ ಕೆಲಸಕ್ಕೆ ಪೈಪೋಟಿ ಮಾಡುವಾಗ ಈ ಅಭ್ಯಾಸ ಅವರ ಕೈ ಬಲಪಡಿಸುತ್ತದೆ.

ಕನ್ನಡದ ಪ್ರಶ್ನೆ

ಲಿನಕ್ಸ್‌ನಲ್ಲಿ ಕನ್ನಡ ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಐಬಸ್ ಎಂಬ ಸೌಲಭ್ಯದ ಜೊತೆ ಎಂ17ಎನ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ಕೆಜಿಪಿ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿಯಲ್ಲಿ ನೀವು ಒತ್ತುವ ಅದೇ ಕೀಲಿಗಳು ಇವು. ಬೆರಳಿಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ. ನವಿಲು, ಗುಬ್ಬಿ, ಲೋಹಿತ್, ನೋಟೊ ಮುಂತಾದ ಯೂನಿಕೋಡ್ ಅಕ್ಷರವಿನ್ಯಾಸಗಳು ಉಚಿತವಾಗಿವೆ. ಪತ್ರ, ಲೆಕ್ಕದ ಹಾಳೆ ಮಾಡುವ ಲಿಬ್ರೆ ಆಫೀಸ್ ತಂತ್ರಾಂಶದ ಮೆನುಗಳನ್ನೂ ಕನ್ನಡದಲ್ಲಿ ನೋಡಬಹುದು; ಸ್ವಯಂಸೇವಕರು ವರ್ಷಗಟ್ಟಲೆ ಕೂತು ಅನುವಾದಿಸಿದ್ದಾರೆ.

ತೊಡಕು ಬರುವುದು ಹಳೆಯ ಕಡತಗಳಲ್ಲಿ. ನುಡಿಯ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಇದಕ್ಕೆ ಲಿನಕ್ಸ್ ಕಾರಣವಲ್ಲ. ಆ ಫಾಂಟ್ ಇಲ್ಲದ ಇನ್ನೊಂದು ವಿಂಡೋಸ್ ಯಂತ್ರದಲ್ಲೂ ಇದೇ ಗತಿ. ಪರಿಹಾರ, ಅಂಥ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತರುವುದು. ಗ್ರಾಮ ಪಂಚಾಯಿತಿ, ಸಹಕಾರಿ ಸಂಘ, ಶಾಲೆಗಳ ಹಳೆಯ ದಾಖಲೆಗಳಿಗೆ ಈ ಕೆಲಸ ಹೇಗೂ ಒಂದು ದಿನ ಆಗಲೇಬೇಕು. ಮುಂದೂಡಿದಷ್ಟೂ ರಾಶಿ ಬೆಳೆಯುತ್ತದೆ.

ಹಾಕುವ ಕ್ರಮ

ಮೊದಲ ಕೆಲಸ ಬ್ಯಾಕಪ್. ಫೋಟೊ, ಕಡತ, ಟ್ಯಾಲಿ ಲೆಕ್ಕ, ಗಿರಾಕಿಗಳ ದಾಖಲೆ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದಿಟ್ಟು, ಆ ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಹಚ್ಚಿ ಫೈಲುಗಳು ತೆರೆಯುತ್ತವೆಯೇ ಎಂದು ನೋಡಬೇಕು. ಬ್ಯಾಕಪ್ ಇಲ್ಲದೆ ಪಾರ್ಟಿಷನ್ ಮುಟ್ಟುವುದೇ ಬೇಡ. ಬೇರೆ ಯಾವ ಮಾತು ಮರೆತರೂ ಇದನ್ನು ಮರೆಯಬೇಡಿ.

ಎರಡನೆಯದು, ವಿಂಡೋಸಿನೊಳಗೆ ಮಾಡಬೇಕಾದ ಸಿದ್ಧತೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇದೆಯೇ ನೋಡಿ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಅದು ತಾನಾಗಿಯೇ ಚಾಲೂ ಆಗಿರಬಹುದು. ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೂಟ್ ವ್ಯವಸ್ಥೆ ಬದಲಾದಾಗ ಯಂತ್ರ ಅದನ್ನು ಕೇಳಬಹುದು. ಕೀ ಇಲ್ಲದಿದ್ದರೆ ನಿಮ್ಮ ಫೈಲು ನಿಮಗೇ ಸಿಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿ. ಅದು ಚಾಲೂ ಇದ್ದರೆ ನೀವು ಶಟ್‌ಡೌನ್ ಮಾಡಿದಾಗಲೂ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ, ತನ್ನ ಪಾರ್ಟಿಷನ್ ಬಿಟ್ಟುಕೊಟ್ಟಿರುವುದಿಲ್ಲ. ಆಗ ಲಿನಕ್ಸ್‌ನಿಂದ ಆ ಜಾಗದ ಫೈಲುಗಳನ್ನು ಓದಬಹುದಾದರೂ ಬರೆಯಲು ಆಗದಂತಾಗುತ್ತದೆ.

ಮೂರನೆಯದು, ಜಾಗ ಬಿಡಿಸುವುದು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್ ಮೇಲೆ ಬಲಗುಂಡಿ ಒತ್ತಿ ಶ್ರಿಂಕ್ ವಾಲ್ಯೂಮ್ ಆರಿಸಿ. ಲಿನಕ್ಸಿನ ಒಂದು ಬಗೆಯಾದ ಉಬುಂಟು 24.04ಕ್ಕೆ ಕನಿಷ್ಠ 25 ಜಿಬಿ ಬೇಕೆಂದು ಹೇಳುತ್ತಾರೆ. ನಿತ್ಯದ ಬಳಕೆಗೆ 60 ಜಿಬಿಯಾದರೂ ಬಿಡುವುದು ಒಳ್ಳೆಯದು. ಬಿಡಿಸಿದ ಜಾಗವನ್ನು ಹಾಗೇ ಖಾಲಿ ಬಿಡಿ, ಅದಕ್ಕೆ ಡ್ರೈವ್ ಅಕ್ಷರ ಕೊಡಬೇಡಿ. ಈ ಕೆಲಸ ನಡೆಯುವಾಗ ಕರೆಂಟ್ ಹೋಗಬಾರದು. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ಹಳ್ಳಿಯಲ್ಲಿ ಕರೆಂಟ್ ಹೋಗಿಬರುವ ಹೊತ್ತು ಗೊತ್ತೇ ಇರುತ್ತದೆ. ಆ ಹೊತ್ತು ತಪ್ಪಿಸಿ ಕೂಡಿ.

ನಾಲ್ಕನೆಯದು, ಪೆನ್‌ಡ್ರೈವ್. ಉಬುಂಟುವಿನ ಡೌನ್‌ಲೋಡ್ ಸುಮಾರು 6 ಜಿಬಿ, ಲಿನಕ್ಸ್ ಮಿಂಟ್‌ನದು ಸುಮಾರು 3 ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಇದು ಕಷ್ಟ; ಕಾಲೇಜಿನಲ್ಲೋ ಪೇಟೆಯಲ್ಲೋ ಒಬ್ಬರು ಇಳಿಸಿಕೊಂಡು ಬಂದರೆ ಊರಿಗೆಲ್ಲ ಹಂಚಬಹುದು. ಹಾಗೆ ಹಂಚುವುದು ಇಲ್ಲಿ ಕಳ್ಳತನವಲ್ಲ, ಲೈಸೆನ್ಸ್ ಅದಕ್ಕೆ ಅನುಮತಿ ಕೊಟ್ಟಿದೆ. ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ವೆಂಟಾಯ್ ಎಂಬ ಇನ್ನೊಂದು ತಂತ್ರಾಂಶ ಬಳಸಿದರೆ ಒಂದೇ ಪೆನ್‌ಡ್ರೈವ್‌ನಲ್ಲಿ ಉಬುಂಟು, ಮಿಂಟ್, ಡೆಬಿಯನ್ ಎಲ್ಲವನ್ನೂ ಇಟ್ಟು ಬೇಕಾದ್ದನ್ನು ಆರಿಸಬಹುದು. ಎರಡರಲ್ಲೂ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಅಳಿಸಿಹೋಗುತ್ತದೆ, ಮೊದಲೇ ಖಾಲಿ ಮಾಡಿಕೊಳ್ಳಿ. ರ್‍ಯಾಮ್ 4 ಜಿಬಿ ಅಥವಾ ಕಡಿಮೆ ಇರುವ ಯಂತ್ರಕ್ಕೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ.

ಐದನೆಯದು, ಹಾಕುವ ಮೊದಲು ಪರೀಕ್ಷೆ. ಯಂತ್ರ ಚಾಲೂ ಆಗುವಾಗ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಬೂಟ್ ಪಟ್ಟಿ ಬರುತ್ತದೆ. ಪೆನ್‌ಡ್ರೈವ್ ಆರಿಸಿ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡುವ ಅವಕಾಶವಿದೆ. ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ನಿಮ್ಮ ಪ್ರಿಂಟರ್–ಸ್ಕ್ಯಾನರ್ ಏಳುತ್ತವೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಒಪ್ಪಿಗೆಯಾಗದಿದ್ದರೆ ಪೆನ್‌ಡ್ರೈವ್ ಕಿತ್ತು ಯಂತ್ರವನ್ನು ಮತ್ತೆ ಚಾಲೂ ಮಾಡಿ. ವಿಂಡೋಸ್ ಇದ್ದಲ್ಲೇ ಇರುತ್ತದೆ.

ಕೊನೆಯದು, ನಿಜವಾದ ಸ್ಥಾಪನೆ. ಇಲ್ಲಿ ಬರುವ ಒಂದು ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಎಲ್ಲವೂ ನಿಂತಿದೆ. ವಿಂಡೋಸ್ ಪಕ್ಕದಲ್ಲಿ ಹಾಕಬೇಕೇ, ಅಥವಾ ಡಿಸ್ಕನ್ನು ಪೂರ್ತಿ ಅಳಿಸಿ ಹಾಕಬೇಕೇ ಎಂದು ಸ್ಥಾಪಿಸುವ ತಂತ್ರಾಂಶ ಕೇಳುತ್ತದೆ. ‘ಇರೇಸ್ ಡಿಸ್ಕ್’ ಎಂಬುದನ್ನು ಒತ್ತಿದರೆ ವಿಂಡೋಸೂ ಇಲ್ಲ, ಫೈಲೂ ಇಲ್ಲ. ‘ಅಲಾಂಗ್‌ಸೈಡ್’ ಎಂಬ ಪದ ಇರುವ ಸಾಲನ್ನೇ ಆರಿಸಬೇಕು. ಆ ಸಾಲು ಕಾಣದಿದ್ದರೆ, ಡಿಸ್ಕೇ ತೋರಿಸದಿದ್ದರೆ, ಮುಂದೆ ಒತ್ತಬೇಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್ ಆರ್‌ಎಸ್‌ಟಿ ಎಂಬ ಸೆಟ್ಟಿಂಗ್ ಡಿಸ್ಕನ್ನು ಲಿನಕ್ಸ್‌ನಿಂದ ಮರೆಮಾಡುತ್ತದೆ. ಅದನ್ನು ಸಿದ್ಧತೆಯಿಲ್ಲದೆ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಬಲ್ಲವರನ್ನು ಕರೆಯಿರಿ.

ಎರಡೂ ಹೊಸದಾಗಿ ಹಾಕುವುದಾದರೆ ಮೊದಲು ವಿಂಡೋಸ್, ಆಮೇಲೆ ಲಿನಕ್ಸ್. ವಿಂಡೋಸ್ ಕೊನೆಗೆ ಬಂದರೆ ಬೂಟ್ ಅಧಿಕಾರವನ್ನು ತಾನೇ ತೆಗೆದುಕೊಂಡು ಲಿನಕ್ಸನ್ನು ಪಟ್ಟಿಯಿಂದ ಮರೆಮಾಡುತ್ತದೆ. ಎರಡು ವಿಂಡೋಸ್ ಬೇಕಾದವರು ಹಳೆಯದನ್ನು ಮೊದಲು, ಹೊಸದನ್ನು ನಂತರ ಹಾಕಬೇಕು. ಗೂಗಲ್ ಕಂಪನಿಯ ಕ್ರೋಮ್ ಓಎಸ್ ಫ್ಲೆಕ್ಸ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದು ಇನ್ನೊಂದರ ಪಕ್ಕದಲ್ಲಿ ಕೂಡುವಂಥದ್ದಲ್ಲ, ಹಾಕಿದರೆ ಡಿಸ್ಕನ್ನೆಲ್ಲ ಅಳಿಸುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಒಂದು ಎಸ್‌ಎಸ್‌ಡಿ ಕೊಂಡು ಲಿನಕ್ಸನ್ನು ಅದರಲ್ಲೇ ಬೇರೆಯಾಗಿ ಹಾಕುವುದು ಎಲ್ಲಕ್ಕಿಂತ ಸುರಕ್ಷಿತ; ಹಳೆಯ ಯಂತ್ರದ ವೇಗವೂ ಏರುತ್ತದೆ.

ಆಮೇಲೆ ಬರುವ ತೊಂದರೆಗಳು

ಡ್ಯುಯಲ್ ಬೂಟ್ ಮಾಡಿದವರಿಗೆ ಮೊದಲು ಕಾಣುವುದು ಗಡಿಯಾರದ ಎಡವಟ್ಟು. ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆ ಎಂದು ವಿಂಡೋಸ್ ನಂಬುತ್ತದೆ. ಜಾಗತಿಕ ಸಮಯ ಇದೆ ಎಂದು ಲಿನಕ್ಸ್ ನಂಬುತ್ತದೆ. ನಮ್ಮದು ಜಾಗತಿಕ ಸಮಯಕ್ಕಿಂತ ಐದೂವರೆ ತಾಸು ಮುಂದೆ. ಹೀಗಾಗಿ ಲಿನಕ್ಸ್‌ನಿಂದ ವಿಂಡೋಸಿಗೆ ಬಂದಾಗ ಬೆಳಿಗ್ಗೆ ಹತ್ತು ಗಂಟೆಗೆ ನಾಲ್ಕೂವರೆ ಎಂದು ತೋರಿಸಬಹುದು. ಯಂತ್ರ ಕೆಟ್ಟಿತೆಂದು ಹೆದರಬೇಡಿ. ಸ್ಥಳೀಯ ಸಮಯವನ್ನೇ ಬಳಸು ಎಂದು ಲಿನಕ್ಸ್‌ಗೆ ಒಂದು ಸಾಲಿನ ಕಮಾಂಡ್‌ನಲ್ಲಿ ಹೇಳಿದರೆ ಮುಗಿಯಿತು.

ಎರಡನೆಯದು ವಿಂಡೋಸ್ ಅಪ್‌ಡೇಟ್. ದೊಡ್ಡ ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ಗ್ರಬ್ ಪಟ್ಟಿ ಕಾಣದೆ ನೇರ ವಿಂಡೋಸ್ ಏಳುತ್ತದೆ. ಯುಇಎಫ್‌ಐ ಸೆಟ್ಟಿಂಗ್‌ನಲ್ಲಿ ಬೂಟ್ ಸರದಿ ಬದಲಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಕೆಲವೊಮ್ಮೆ ಇನ್ನೂ ದೊಡ್ಡ ಏಟು ಬೀಳುತ್ತದೆ. 2024ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಹೊರಡಿಸಿದ ಒಂದು ಭದ್ರತಾ ಅಪ್‌ಡೇಟ್ ಹಳೆಯ ಬೂಟ್ ಲೋಡರ್‌ಗಳನ್ನು ತಡೆಹಿಡಿಯಿತು. ಡ್ಯುಯಲ್ ಬೂಟ್ ಇದ್ದ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಏಳದೆ ಭದ್ರತಾ ನಿಯಮ ಉಲ್ಲಂಘನೆ ಎಂಬ ಸಂದೇಶ ಬಂತು. ಒಪ್ಪಿತ ಬೂಟ್ ಲೋಡರ್‌ಗಳನ್ನು ಮಾತ್ರ ಓಡಲು ಬಿಡುವ ಸೆಕ್ಯೂರ್ ಬೂಟ್ ಅನ್ನು ತಾತ್ಕಾಲಿಕವಾಗಿ ಬಂದ್ ಮಾಡಿ, ಲಿನಕ್ಸ್‌ನಲ್ಲಿ ಬೂಟ್ ಲೋಡರ್ ಸರಿಪಡಿಸಿ, ಮತ್ತೆ ಚಾಲೂ ಮಾಡಬೇಕಾಯಿತು. ಆದ್ದರಿಂದ ಎರಡೂ ಕಡೆ ಅಪ್‌ಡೇಟ್ ಆಗುತ್ತಿರಲಿ, ಲಿನಕ್ಸ್ ಬರೆದ ಆ ಪೆನ್‌ಡ್ರೈವ್ ಅಳಿಸದೆ ಹಾಗೇ ಇರಲಿ. ಯಂತ್ರ ಏಳದ ದಿನ ಫೈಲುಗಳನ್ನು ಹೊರತೆಗೆಯಲು ಅದೇ ದಾರಿ.

ಮೂರನೆಯದು, ಲಿನಕ್ಸ್ ಬೇಡವೆಂದು ವಿಂಡೋಸ್ ಒಳಗಿಂದ ಆ ಪಾರ್ಟಿಷನ್ ಅಳಿಸುವುದು. ಗ್ರಬ್‌ನ ಮುಖ್ಯ ಭಾಗ ಆ ಪಾರ್ಟಿಷನ್ನಿನಲ್ಲೇ ಇರುತ್ತದೆ. ಅದು ಹೋದರೆ ಕಪ್ಪು ಪರದೆಯ ಮೇಲೆ ಗ್ರಬ್ ರೆಸ್ಕ್ಯೂ ಎಂಬ ಸಾಲು ಕಂಡು ಯಂತ್ರ ಅಲ್ಲೇ ನಿಲ್ಲುತ್ತದೆ. ಮೊದಲು ವಿಂಡೋಸ್ ಬೂಟ್ ಲೋಡರ್‌ಗೆ ಅಧಿಕಾರ ಮರಳಿಸಿ, ಆಮೇಲೆ ಅಳಿಸಬೇಕು.

ಗಡಿಯಾಚೆ ಕಲಿತ ನಮ್ಮ ಮಕ್ಕಳು

ಲಿನಕ್ಸ್ ಹಳ್ಳಿಯವರಿಗೆ ಕಷ್ಟ ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುಮಾಡಿತು. 2017ರಲ್ಲಿ ಅದೇ ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಉಬುಂಟು ಆಧಾರಿತ ಸ್ವತಂತ್ರ ತಂತ್ರಾಂಶ ಓಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದೇ ವ್ಯವಸ್ಥೆಯಲ್ಲಿ, ಕನ್ನಡದಲ್ಲೇ ಅಚ್ಚಾದ ಪಠ್ಯಪುಸ್ತಕ ಓದಿ ಕಂಪ್ಯೂಟರ್ ಕಲಿಯುತ್ತಾರೆ, ಹತ್ತನೆಯ ತರಗತಿಯಲ್ಲಿ ಅದರ ಪರೀಕ್ಷೆಯನ್ನೂ ಬರೆಯುತ್ತಾರೆ. ಅಲ್ಲಿನ ಕನ್ನಡದ ಮಕ್ಕಳಿಗೆ ಆದದ್ದು ಅಣ್ಣಿಗೇರಿಯ ಮಕ್ಕಳಿಗೆ ಯಾಕೆ ಆಗಬಾರದು?

ಕರ್ನಾಟಕಕ್ಕೂ ಇದು ತೀರಾ ಹೊಸದಲ್ಲ. 2011ರ ಸುಮಾರಿಗೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮ ನಡೆಸಿತು. ಪ್ರೌಢಶಾಲಾ ಶಿಕ್ಷಕರು ಉಬುಂಟು, ಜಿಯೋಜಿಬ್ರಾ, ಲಿಬ್ರೆ ಆಫೀಸ್ ಕಲಿತರು; ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣವನ್ನು ಕಟ್ಟಿದರು. ಆ ತರಬೇತಿ ಪಡೆದ ಶಿಕ್ಷಕರು ಇಂದಿಗೂ ನಮ್ಮ ಶಾಲೆಗಳಲ್ಲಿದ್ದಾರೆ. ಅವರ ತಿಳಿವಳಿಕೆ ಆಯಾ ಶಾಲೆಯ ಗೋಡೆಯೊಳಗೆ ಉಳಿಯಬಾರದು.

ಧಾರವಾಡ ಜಿಲ್ಲೆಯಲ್ಲಿ ಐಐಟಿ ಇದೆ, ಐಐಐಟಿ ಇದೆ, ವಿಶ್ವವಿದ್ಯಾಲಯಗಳಿವೆ, ಎಂಜಿನಿಯರಿಂಗ್ ಮತ್ತು ಬಿಸಿಎ ಕಾಲೇಜುಗಳಿವೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಂಥಾಲಯ ಮತ್ತು ಅರಿವು ಕೇಂದ್ರಗಳಿವೆ. ಈ ಎರಡರ ನಡುವೆ ಸೇತುವೆ ಹಾಕಲು ಹೊಸ ಯೋಜನೆ, ಹೊಸ ಅನುದಾನ ಬೇಕಿಲ್ಲ. ಎನ್‌ಎಸ್‌ಎಸ್ ಶಿಬಿರಕ್ಕೆ ಹಳ್ಳಿಗೆ ಬರುವ ವಿದ್ಯಾರ್ಥಿಗಳು ರಸ್ತೆ ಗುಡಿಸುವ ಜೊತೆಗೆ ಒಂದು ದಿನ ಅರಿವು ಕೇಂದ್ರದಲ್ಲಿ ಕೂತು ಊರವರ ಹಳೆಯ ಕಂಪ್ಯೂಟರ್‌ಗಳಿಗೆ ಬ್ಯಾಕಪ್ ತೆಗೆದು ಲಿನಕ್ಸ್ ಹಾಕಿಕೊಡಲಿ. ಊರಿನ ಇಬ್ಬರು ಹುಡುಗಿಯರಿಗೋ ಹುಡುಗರಿಗೋ ಅದನ್ನು ಕಲಿಸಿ ಹೋಗಲಿ. ಪ್ರಾಧ್ಯಾಪಕರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಗ್ರಂಥಾಲಯ ಮೇಲ್ವಿಚಾರಕರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕೆಂದು ನನ್ನ ವಿನಂತಿ.

ಅಂಗಡಿ, ಮನೆಗಳಲ್ಲಿ ಹಳೆಯ ಯಂತ್ರ ಇಟ್ಟುಕೊಂಡವರಿಗೂ ಒಂದು ಮಾತು. ನಿಮ್ಮ ಕಂಪ್ಯೂಟರ್ ಹಳತಾಗಿರಬಹುದು, ನಿರುಪಯೋಗಿ ಆಗಿಲ್ಲ. ಉಬುಂಟು 24.04ಕ್ಕೂ ಅದರ ಮೇಲೆ ಕಟ್ಟಿದ ಮಿಂಟ್ 22ಕ್ಕೂ 2029ರವರೆಗೆ ಭದ್ರತಾ ಅಪ್‌ಡೇಟ್ ಉಚಿತವಾಗಿ ಸಿಗುತ್ತದೆ. ಬ್ಯಾಕಪ್ ತೆಗೆಯಿರಿ, ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ, ಒಪ್ಪಿದರೆ ಪಕ್ಕದಲ್ಲಿ ಜಾಗ ಕೊಡಿ. ಹೊಸದನ್ನು ಕೊಳ್ಳುವ ಮಾತು ಅದಾದ ಮೇಲಿರಲಿ.